ಛಾಪಾ ಕಾಗದ, ರಿಜಿಸ್ಟ್ರೇಷನ್ ಇಲ್ಲದಿದ್ದರೆ ವಿಲ್ ನಡೆಯುವುದಿಲ್ಲವೇ?

‘ಛಾಪಾ ಕಾಗದದಲ್ಲಿ ಬರೆಸಿ ರಿಜಿಸ್ಟರ್ ಮಾಡಿಸದ ವಿಲ್‌ಗೆ ಬೆಲೆಯಿಲ್ಲ. ರಿಜಿಸ್ಟರ್ ಆದ ವಿಲ್ ಅನ್ನು ಯಾರೂ ಪ್ರಶ್ನಿಸುವಂತಿಲ್ಲ.’ ಇಂಥ ಸಂದೇಶ ನಿಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇದರಲ್ಲಿರುವ ಎರಡು ಮಾತುಗಳೂ ತಪ್ಪು. ನಂಬಿದರೆ ಹೊಲ-ಮನೆಯೇ ಕೈತಪ್ಪಬಹುದು.

ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯಲ್ಲಿ ಹಾಸಿಗೆ ಹಿಡಿದ ಅಜ್ಜಿಯೊಬ್ಬರು ತಮ್ಮ ಸ್ವಂತ ದುಡಿಮೆಯ ಎರಡು ಎಕರೆ ಹೊಲವನ್ನು ತಮ್ಮನ್ನು ನೋಡಿಕೊಂಡ ಮಗಳಿಗೆ ಬರೆಯಬೇಕು ಅಂದುಕೊಂಡಿದ್ದಾರೆ ಎನ್ನೋಣ. ಉಪ ನೋಂದಣಿ ಕಚೇರಿಗೆ ಹೋಗಲು ಆಗದು ಎಂದು ಸುಮ್ಮನಾದರೆ ಅವರ ಇಚ್ಛೆ ಅವರೊಂದಿಗೇ ಮುಗಿಯುತ್ತದೆ.

ಕಾನೂನು ಏನು ಕೇಳುತ್ತದೆ?

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ವಿಲ್ ಬರೆಯುವವರಿಗೆ 18 ವರ್ಷ ತುಂಬಿರಬೇಕು, ಬುದ್ಧಿ ಸ್ಥಿಮಿತದಲ್ಲಿರಬೇಕು. ಕಾಯಿಲೆಯಿದ್ದರೂ ಅಡ್ಡಿಯಿಲ್ಲ, ತಾನು ಏನು ಮಾಡುತ್ತಿದ್ದೇನೆ ಎಂಬ ಅರಿವು ಇದ್ದರೆ ಸಾಕು. ಕಾಯ್ದೆಯ 63ನೇ ಸೆಕ್ಷನ್ ಹೇಳುವುದು ಇಷ್ಟು: ಬರೆದವರು ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ಕಣ್ಣಾರೆ ನೋಡಿರಬೇಕು, ಇಲ್ಲವೇ ‘ಇದು ನನ್ನದೇ ಸಹಿ’ ಎಂದು ಅವರ ಬಾಯಿಂದ ಕೇಳಿರಬೇಕು. ಆಮೇಲೆ ಆ ಸಾಕ್ಷಿಗಳು ಅವರ ಎದುರಿನಲ್ಲೇ ಸಹಿ ಮಾಡಬೇಕು. ಒಳಗೆ ಏನು ಬರೆದಿದೆ ಎಂದು ಸಾಕ್ಷಿಗಳಿಗೆ ಗೊತ್ತಿರಬೇಕಿಲ್ಲ.

ಬಿಳಿ ಹಾಳೆ ಸಾಕು. ವಿಲ್‌ಗೆ ಮುದ್ರಾಂಕ ಶುಲ್ಕವಿಲ್ಲ, ನೋಟರಿ ಕಡ್ಡಾಯವಲ್ಲ. 1908ರ ನೋಂದಣಿ ಕಾಯ್ದೆಯು ವಿಲ್ ನೋಂದಣಿಯನ್ನು ಅವರವರ ಇಷ್ಟಕ್ಕೆ ಬಿಟ್ಟಿದೆ. ಮೊಬೈಲಿನಲ್ಲಿ ಮಾಡಿಕೊಂಡ ವಿಡಿಯೊ ಮಾತ್ರ ವಿಲ್ ಆಗುವುದಿಲ್ಲ. ಹೆಚ್ಚೆಂದರೆ ಅದು ಬರೆದ ವಿಲ್‌ಗೆ ಬೆಂಬಲವಾದೀತು.

ರಿಜಿಸ್ಟರ್ ಆದರೆ ಗಟ್ಟಿಯೇ?

ನೋಂದಣಿಯಿಂದ ಲಾಭ ಇದೆ: ಪ್ರತಿ ಕಳೆದುಹೋಗದು, ತಿದ್ದುವುದು ಕಷ್ಟ. ಆದರೆ ತಕರಾರು ಬಂದಾಗ ನೋಂದಣಿಯ ಮೊಹರು ಸಾಕ್ಷಿಯ ಜಾಗ ತುಂಬುವುದಿಲ್ಲ. ಸಹಿ ಹಾಕಿದ ಸಾಕ್ಷಿಗಳಲ್ಲಿ ಬದುಕಿರುವ ಒಬ್ಬರನ್ನಾದರೂ ಕರೆಸಿ ಸಿವಿಲ್ ನ್ಯಾಯಾಲಯದಲ್ಲಿ ವಿಲ್ ಅನ್ನು ಸಾಬೀತುಪಡಿಸಬೇಕು. ಅಲ್ಲದೆ, ಬರೆದವರು ಬದುಕಿರುವವರೆಗೆ ವಿಲ್ ಬದಲಿಸಬಹುದು. ರಿಜಿಸ್ಟರ್ ಆದ ಹಳೆಯ ವಿಲ್ ಅನ್ನು, ಸರಿಯಾಗಿ ಬರೆದ ಆದರೆ ರಿಜಿಸ್ಟರ್ ಆಗದ ಹೊಸ ವಿಲ್ ರದ್ದುಮಾಡಬಲ್ಲದು.

ಇದಕ್ಕೆ ನಮ್ಮ ಮೈಸೂರಿನದೇ ಪಾಠವಿದೆ. 1945ರಲ್ಲಿ ಮಹಿಳೆಯೊಬ್ಬರು ಬರೆದರೆನ್ನಲಾದ ವಿಲ್ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಅದನ್ನು ಮುಂದಿಟ್ಟ ವ್ಯಕ್ತಿಯೇ ಬರೆಸುವುದರಲ್ಲಿ ಮುಂದಾಳಾಗಿದ್ದರು, ಆಸ್ತಿಯ ದೊಡ್ಡ ಪಾಲು ಅವರ ಮಕ್ಕಳಿಗೇ ಸಿಗುತ್ತಿತ್ತು. 1958ರಲ್ಲಿ ಕೋರ್ಟ್ ಆ ವಿಲ್ ಅನ್ನು ಒಪ್ಪಲಿಲ್ಲ. ಸಂಶಯ ಹುಟ್ಟಿಸುವ ಸಂಗತಿಗಳಿದ್ದರೆ ಅವನ್ನು ನಿವಾರಿಸುವ ಹೊಣೆ ವಿಲ್ ಮುಂದಿಡುವವರದೇ ಎಂದಿತು. ಇಂದಿಗೂ ವಿಲ್ ವ್ಯಾಜ್ಯಗಳಲ್ಲಿ ಈ ತೀರ್ಪನ್ನು ಉಲ್ಲೇಖಿಸುತ್ತಾರೆ.

ಎಲ್ಲವನ್ನೂ ಬರೆದುಕೊಡಬಹುದೇ?

ಇಲ್ಲ. ಸ್ವಯಾರ್ಜಿತ ಆಸ್ತಿಯನ್ನು ಯಾರಿಗೆ ಬೇಕಾದರೂ ಬರೆಯಬಹುದು. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಾದರೆ ತನ್ನ ಪಾಲನ್ನು ಮಾತ್ರ. ಮುಸ್ಲಿಮರಿಗೆ ಬೇರೆ ನಿಯಮ: ಬಾಯಿಮಾತಿನ ವಿಲ್ ಕೂಡ ನಡೆಯುತ್ತದೆ, ಆದರೆ ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬರೆಯುವಂತಿಲ್ಲ.

ನಮ್ಮ ಸಲಹೆ

• ಆಸ್ತಿ ಪಡೆಯುವವರನ್ನು ಸಾಕ್ಷಿ ಮಾಡಬೇಡಿ. ಅವರು ಬರೆಸುವ ಕೆಲಸದಿಂದಲೂ ದೂರವಿರಲಿ.
• ನಿಮಗಿಂತ ಕಿರಿಯರಾದ, ಊರಿನಲ್ಲೇ ಸಿಗುವ ಸಾಕ್ಷಿಗಳನ್ನು ಆರಿಸಿ.
• ಪ್ರತಿ ಪುಟಕ್ಕೂ ಸಹಿ, ಕೊನೆಗೆ ತಾರೀಖು ಹಾಕಿ. ಸರ್ವೆ ನಂಬರ್ ಪಹಣಿಯಲ್ಲಿ ಇರುವಂತೆಯೇ ಬರೆಯಿರಿ.
• ಒಬ್ಬ ಮಗನಿಗೋ ಮಗಳಿಗೋ ಕೊಡದಿದ್ದರೆ ಕಾರಣವನ್ನು ಒಂದು ಸಾಲಿನಲ್ಲಿ ತಿಳಿಸಿ.
• ವಯಸ್ಸಾಗಿದ್ದರೆ ಅದೇ ದಿನದ ವೈದ್ಯರ ಪ್ರಮಾಣಪತ್ರ ಇರಲಿ. ಕಡ್ಡಾಯವಲ್ಲ, ಆದರೆ ಮುಂದೆ ನೆರವಿಗೆ ಬರುತ್ತದೆ.

ಪಟ್ಟನಾಯಕನಹಳ್ಳಿಯ ಆ ಅಜ್ಜಿಗೆ ಬೇಕಾಗಿರುವುದು ಒಂದು ಹಾಳೆ, ಹೆಬ್ಬೆಟ್ಟು ಮತ್ತು ಮುಂದೊಂದು ದಿನ ‘ಹೌದು, ನಾನು ನೋಡಿದೆ’ ಎನ್ನಬಲ್ಲ ಇಬ್ಬರು. ಮುಂದಿನ ಬಾರಿ ಆ ಸಂದೇಶ ಬಂದಾಗ ಫಾರ್ವರ್ಡ್ ಮಾಡುವ ಬದಲು ಇದನ್ನು ಕಳಿಸಿ.