ಬಡವರ ಪಟ್ಟಿ ಮತ್ತು ಗ್ರಾಮಸಭೆಯ ಮಾತು

ಬಡತನ ನಿವಾರಣೆಯ ಸರ್ಕಾರಿ ಯೋಜನೆಗಳ ಕುರಿತ ಅಧ್ಯಯನಗಳು ಸಾಮಾನ್ಯವಾಗಿ ಅರ್ಥಶಾಸ್ತ್ರದ ಮತ್ತು ಆಡಳಿತಶಾಸ್ತ್ರದ ನೆಲೆಯಿಂದ ನಡೆದಿವೆ. ಆದರೆ ಈ ಯೋಜನೆಗಳ ಬಗ್ಗೆ ಜನರ ಅಭಿಪ್ರಾಯ ಕೇಳುವ ಕ್ರಿಯೆಯು ಮೂಲತಃ ಒಂದು ಮೌಖಿಕ ಕ್ರಿಯೆ. ಯಾರು ಕರೆಯುತ್ತಾರೆ, ಯಾರು ಎಲ್ಲಿ ಕೂರುತ್ತಾರೆ, ಯಾರ ಮಾತು ಬರಹಕ್ಕೆ ಇಳಿಯುತ್ತದೆ ಎಂಬ ಪ್ರಶ್ನೆಗಳು ಜಾನಪದ ಅಧ್ಯಯನದ ವ್ಯಾಪ್ತಿಗೂ ಸೇರುತ್ತವೆ. ಕರ್ನಾಟಕದ ಗ್ರಾಮಸಭೆಯನ್ನು ಈ ದೃಷ್ಟಿಯಿಂದ ನೋಡಬೇಕಾದ ಅಗತ್ಯವಿದೆ.

ಆಳುವವರು ಪ್ರಜೆಗಳ ಅಹವಾಲನ್ನು ಸಭೆ ಕರೆದು ಕೇಳುವ ಕ್ರಮ ಈ ನಾಡಿಗೆ ಹೊಸದೇನಲ್ಲ. ಜನಪದರ ನೆನಪಿನಲ್ಲಿ ಧಾತು-ಈಶ್ವರ ಬರವೆಂದು ಉಳಿದಿರುವ 1876-78ರ ಕ್ಷಾಮವು ಮೈಸೂರು ಸಂಸ್ಥಾನವನ್ನು ತತ್ತರಿಸುವಂತೆ ಮಾಡಿದ ಕೆಲವೇ ವರ್ಷಗಳಲ್ಲಿ, 1881ರಲ್ಲಿ, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. ಮೊದಲ ಸಭೆಯ 144 ಸದಸ್ಯರು ಬಹುಮಟ್ಟಿಗೆ ಭೂಮಾಲೀಕರು ಹಾಗೂ ವರ್ತಕರು. ಬರದಲ್ಲಿ ಸತ್ತವರ ಕುಲದವರು ಅಲ್ಲಿರಲಿಲ್ಲ. ಕೇಳುವ ಏರ್ಪಾಟು ಮತ್ತು ಕೇಳಿಸಬೇಕಾದವರ ನಡುವಿನ ಈ ಅಂತರವೇ ಮುಂದಿನ ಚರ್ಚೆಯ ತಿರುಳು.

ಹಳ್ಳಿಯ ಮಟ್ಟದಲ್ಲಿ ಈ ಅಂತರ ಇನ್ನೂ ನಿಚ್ಚಳವಾಗಿತ್ತು. ಅರಳಿಕಟ್ಟೆಯ ನ್ಯಾಯ ಪಂಚಾಯಿತಿಯನ್ನು ಗ್ರಾಮ ಪ್ರಜಾಪ್ರಭುತ್ವದ ಬೇರು ಎಂದು ವರ್ಣಿಸುವ ಬರಹಗಳಿಗೆ ಕೊರತೆಯಿಲ್ಲ. ಆ ವರ್ಣನೆ ಅರ್ಧ ಸತ್ಯ. ಸಭೆಯ ಸುದ್ದಿಯನ್ನು ಡಂಗುರ ಸಾರಿ ಊರಿಗೆ ತಿಳಿಸುವ ಹೊಣೆ ಬಹುಮಟ್ಟಿಗೆ ಅಸ್ಪೃಶ್ಯರೆನಿಸಿದ ಸಮುದಾಯಗಳಿಗೆ ಸೇರಿತ್ತು. ಆದರೆ ಊರನ್ನೇ ಕರೆದ ಆ ವ್ಯಕ್ತಿಗೆ ಕಟ್ಟೆಯ ಮೇಲೆ ಜಾಗವಿರಲಿಲ್ಲ. ಆತ ಕೆಳಗೆ, ದೂರದಲ್ಲಿ ನಿಲ್ಲಬೇಕಿತ್ತು. ಹೆಂಗಸರು ಕಕ್ಷಿದಾರರಾಗಿ ಬರುತ್ತಿದ್ದರೇ ಹೊರತು ತೀರ್ಮಾನಿಸುವವರಾಗಿ ಅಲ್ಲ. ಆಯಗಾರ ಪದ್ಧತಿಯಲ್ಲಿ ಸುಗ್ಗಿಯ ಕಣದಲ್ಲಿ ಎಲ್ಲರ ಕಣ್ಣೆದುರು ಅಳೆದುಕೊಡುತ್ತಿದ್ದ ಕಾಳು ಒಂದು ಹಕ್ಕೂ ಹೌದು, ಕೈಯೊಡ್ಡುವ ದೈನ್ಯವೂ ಹೌದು. ಸಾರ್ವಜನಿಕವಾಗಿ ಪಡೆಯುವುದರ ಈ ಇಬ್ಬಂದಿತನ ಇಂದಿನ ಫಲಾನುಭವಿ ಆಯ್ಕೆಯ ಸಭೆಗಳಲ್ಲಿಯೂ ಬೇರೆ ರೂಪದಲ್ಲಿ ಕಾಣುತ್ತದೆ.

ಅಬ್ದುಲ್ ನಜೀರ್ ಸಾಬ್ ಅವರು ರೂಪಿಸಿದ 1983ರ ಕಾಯಿದೆ ಹಾಗೂ ಅದರಂತೆ 1987ರಲ್ಲಿ ನಡೆದ ಚುನಾವಣೆಗಳು ಮಹಿಳೆಯರಿಗೆ ಶೇ. 25ರಷ್ಟು ಸ್ಥಾನಗಳನ್ನು ಮೀಸಲಿಟ್ಟು ಕಟ್ಟೆಯ ಈ ವಿನ್ಯಾಸವನ್ನು ಕದಲಿಸಿದವು. ಸಂವಿಧಾನದ 73ನೆಯ ತಿದ್ದುಪಡಿಯ ಬಳಿಕ ಬಂದ 1993ರ ಕರ್ನಾಟಕದ ಅಧಿನಿಯಮಕ್ಕೆ ಮುಂದೆ ವಾರ್ಡ್ ಸಭೆ ಸೇರಿತು. ಯೋಜನೆಗಳಿಗೆ ಅರ್ಹರನ್ನು ಗುರುತಿಸಿ ಆದ್ಯತೆಯ ಕ್ರಮದಲ್ಲಿ ಪಟ್ಟಿ ಮಾಡುವುದು ಈ ಸಭೆಯ ಕೆಲಸ, ಹಾಜರಾದವರಲ್ಲಿ ಶೇ. 30ರಷ್ಟಾದರೂ ಮಹಿಳೆಯರಿರಬೇಕೆಂಬುದು ನಿಯಮ. 2015ರ ತಿದ್ದುಪಡಿ ಜನವಸತಿ ಸಭೆಯನ್ನೂ ಸೇರಿಸಿತು. ಕಾಗದದ ಮೇಲೆ ಇದಕ್ಕಿಂತ ಸಮೀಪದ ಸಮಾಲೋಚನೆಯನ್ನು ಊಹಿಸುವುದು ಕಷ್ಟ.

ಆದರೆ ಸಭೆ ಸೇರುವ ಮೊದಲೇ ಉತ್ತರ ನಿಗದಿಯಾಗಿದ್ದರೆ ಸಮಾಲೋಚನೆಗೆ ಉಳಿಯುವ ಅರ್ಥವೇನು? 2002ರ ಬಡತನ ರೇಖೆ ಗಣತಿ ಇದಕ್ಕೆ ಒಳ್ಳೆಯ ನಿದರ್ಶನ. ಪ್ರತಿ ಕುಟುಂಬವನ್ನು 13 ಸೂಚಕಗಳ ಮೇಲೆ, ಒಂದೊಂದಕ್ಕೂ ಸೊನ್ನೆಯಿಂದ 4ರವರೆಗೆ ಅಂಕ ಕೊಟ್ಟು, ಒಟ್ಟು 52 ಅಂಕಗಳಿಗೆ ಅಳೆಯಲಾಯಿತು. ಜಮೀನು, ಮನೆ, ಊಟ, ಸಾಲ ಇವುಗಳ ಜೊತೆಗೆ ತಲೆಗೆ ಎಷ್ಟು ಬಟ್ಟೆಗಳಿವೆ ಎಂಬುದೂ ಒಂದು ಸೂಚಕ: ಎರಡಕ್ಕಿಂತ ಕಡಿಮೆಯಿದ್ದರೆ ಸೊನ್ನೆ, ಹತ್ತು ಮತ್ತು ಮೇಲ್ಪಟ್ಟು ಇದ್ದರೆ 4. ಪಟ್ಟಿಯನ್ನು ಗ್ರಾಮಸಭೆಯ ಮುಂದಿಡಬೇಕೆಂದು ಹೇಳಲಾಗಿತ್ತು. ಆದರೆ ಬಡವರ ಒಟ್ಟು ಸಂಖ್ಯೆಗೆ ಯೋಜನಾ ಆಯೋಗದ 1999-2000ರ ಅಂದಾಜಿನ ಮೇಲೆ ಮೊದಲೇ ಮಿತಿ ಹಾಕಲಾಗಿತ್ತು. ಮಿತಿ ತುಂಬಿದ ಕಡೆ ಒಂದು ಹೆಸರು ಸೇರಬೇಕಾದರೆ ಇನ್ನೊಂದು ಹೋಗಲೇಬೇಕು. ಸರ್ಕಾರಕ್ಕೆ ಕೇಳಬೇಕಾದ ಪ್ರಶ್ನೆ ಹೀಗೆ ನೆರೆಯವನಿಗೆ ಕೇಳುವ ಪ್ರಶ್ನೆಯಾಗಿ ತಿರುಗಿತು. ಇದು ಈ ಪದ್ಧತಿಯ ಅತ್ಯಂತ ದೊಡ್ಡ ದೋಷ; ಅಂಕಗಳ ತಪ್ಪಿಗಿಂತಲೂ ದೊಡ್ಡದು. ಎನ್. ಸಿ. ಸಕ್ಸೇನಾ ನೇತೃತ್ವದ ಸಮಿತಿ 2009ರ ವರದಿಯಲ್ಲಿ ಈ ಅಂಕಪದ್ಧತಿಯನ್ನು ಕೈಬಿಟ್ಟು, ಜೀತದಾಳುಗಳು, ವಸತಿಹೀನರು ಮೊದಲಾದವರನ್ನು ನೇರವಾಗಿ ಪಟ್ಟಿಗೆ ಸೇರಿಸಬೇಕೆಂದು ಸೂಚಿಸಿತು.

ಸೂಚಕಗಳ ಭಾಷೆಯನ್ನು ಜನರ ನುಡಿಯೊಡನೆ ಇಟ್ಟು ನೋಡಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಗ್ರಾಮೀಣ ಕನ್ನಡದಲ್ಲಿ ‘ಬಡವ’ ಎಂಬುದು ಒಂದೇ ಪದವಲ್ಲ. ‘ಇಲ್ಲದವರು’ ಎಂಬಲ್ಲಿ ಆಸ್ತಿಯ ಅಭಾವವಿದೆ. ‘ಒಪ್ಪೊತ್ತಿನವರು’ ಎಂಬಲ್ಲಿ ಊಟದ ಲೆಕ್ಕವಿದೆ. ‘ಕೈಲಾಗದವರು’ ಎಂದರೆ ದುಡಿಯುವ ಶಕ್ತಿ ಉಡುಗಿದವರು. ‘ದಿಕ್ಕಿಲ್ಲದವರು’ ಎಂದರೆ ನಂಟು, ಆಸರೆ ಕಳೆದುಕೊಂಡವರು. ಒಪ್ಪೊತ್ತಿಗೆ ಗಣತಿಯಲ್ಲಿ ಹೆಚ್ಚುಕಡಿಮೆ ಅದೇ ಅರ್ಥದ ಸೂಚಕವಿತ್ತು. ದಿಕ್ಕಿಲ್ಲದಿರುವಿಕೆಗೆ ಇರಲಿಲ್ಲ. ಗಟ್ಟಿಗೋಡೆಯ ಹಳೆಯ ಮನೆಯಲ್ಲಿ ಒಂಟಿಯಾಗಿ ಉಳಿದ ಮುದುಕಿ ಊರವರ ಕಣ್ಣಿಗೆ ಎಲ್ಲರಿಗಿಂತ ಬಡವಳು. ಆ ಮನೆಗಾಗಿ ಆಕೆಗೆ ಸಿಗುವ ಅಂಕ ಮಾತ್ರ ಆಕೆಯನ್ನು ಪಟ್ಟಿಯಿಂದ ದೂರ ಸರಿಸುತ್ತದೆ. ಊರವರ ಈ ತಿಳಿವನ್ನು ಹೊರತೆಗೆಯಲೆಂದೇ ಸಹಭಾಗಿ ಗ್ರಾಮೀಣ ಸಮೀಕ್ಷೆಯ ವಿಧಾನಗಳು ಹುಟ್ಟಿದವು. ಜನರೇ ಕುಟುಂಬಗಳನ್ನು ತಮ್ಮ ಮಾನದಂಡದಂತೆ ವಿಂಗಡಿಸುವ ಈ ಕ್ರಮವನ್ನು ಕರ್ನಾಟಕದಲ್ಲಿ ಮೈರಾಡ ಸಂಸ್ಥೆ ಬಹಳ ಮೊದಲೇ ಬಳಸಿತ್ತು.

ಗುಳೆ ಹೋಗುವವರ ವಿಚಾರ ಮತ್ತೂ ಜಟಿಲ. ವಲಸೆಯ ಕಾರಣ ಗಣತಿಯ 13 ಸೂಚಕಗಳಲ್ಲಿ ಒಂದಾಗಿತ್ತು, ಸರಿ. ಆದರೆ ದೇಶದ ಹಲವು ರಾಜ್ಯಗಳಲ್ಲಿ ಗ್ರಾಮಸಭೆಗೆ ರೂಢಿಯಾಗಿರುವ ದಿನಗಳಾದ ಜನವರಿ 26 ಮತ್ತು ಮೇ 1, ರಾಯಚೂರು, ಕೊಪ್ಪಳ, ಕಲಬುರಗಿಯಂಥ ಒಣಸೀಮೆಯ ಕೂಲಿಕುಟುಂಬಗಳು ಬೆಂಗಳೂರಿನ ಕಟ್ಟಡಗಳಲ್ಲಿಯೋ ಗೋವೆಯಲ್ಲಿಯೋ ಇರುವ ಕಾಲ. ಬಡತನದ ಲಕ್ಷಣವೇ ಇಲ್ಲಿ ಗೈರುಹಾಜರಿಯ ಕಾರಣ.

ಇಷ್ಟಾದರೂ ಗ್ರಾಮಸಭೆಯನ್ನು ಬರಿಯ ಶಾಸ್ತ್ರಕ್ಕೆ ನಡೆಯುವ ಸಭೆಯೆಂದು ತಳ್ಳಿಹಾಕಲಾಗದು. ವಿಜಯೇಂದ್ರ ರಾವ್ ಮತ್ತು ಪರೊಮಿತಾ ಸನ್ಯಾಲ್ ಅವರು ದಕ್ಷಿಣದ ನಾಲ್ಕು ರಾಜ್ಯಗಳ ಸುಮಾರು 300 ಗ್ರಾಮಸಭೆಗಳ ಮಾತುಗಳನ್ನು ದಾಖಲಿಸಿ ವಿಶ್ಲೇಷಿಸಿದ್ದಾರೆ. 2010ರಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ, ಬಡವರು ಹಾಗೂ ಕೆಳಜಾತಿಗಳೆನಿಸಿದವರು ಈ ಸಭೆಗಳಲ್ಲಿ ಸೌಲಭ್ಯವನ್ನಷ್ಟೇ ಕೇಳುವುದಿಲ್ಲ, ಸಮಾನರಾಗಿ ಮಾತನಾಡುವ ಘನತೆಯನ್ನೂ ಕೇಳುತ್ತಾರೆ. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರಿಂದ ನಡೆಸಿದ ಜನಸುನ್‌ವಾಯಿಗಳಲ್ಲಿ ಕೂಲಿಯ ಹಾಜರಿ ಪಟ್ಟಿಯನ್ನು ಊರ ಮುಂದೆ ಗಟ್ಟಿಯಾಗಿ ಓದಲಾಯಿತು. ಬರಹ ಹೀಗೆ ಮತ್ತೆ ಮಾತಾದಾಗಲೇ ಪಟ್ಟಿಯಲ್ಲಿದ್ದ ಸುಳ್ಳು ಹೆಸರುಗಳು ಬಯಲಾದವು.

ಕರ್ನಾಟಕದಲ್ಲಿ ಸಂಶೋಧಕರು ಇನ್ನೂ ಸರಿಯಾಗಿ ಕೈಹಾಕದ ಆಕರವೆಂದರೆ ಪಂಚಾಯಿತಿಗಳ ನಡವಳಿ ಪುಸ್ತಕ. ಒಂದು ಗಂಟೆಯ ಜಗಳ, ಅಳು, ವ್ಯಂಗ್ಯ, ಹಳೆಯ ವೈಷಮ್ಯ ಎಲ್ಲವೂ ಅಲ್ಲಿ ‘ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂಬ ಒಂದು ಸಾಲಾಗುತ್ತದೆ. ಆ ಸಾಲಿನ ಕೆಳಗೆ ಸಹಿಗಳು, ಸಹಿಗಳ ನಡುವೆ ಹೆಬ್ಬೆಟ್ಟಿನ ಗುರುತುಗಳು.