ತುದಿಗೆ ಮುಟ್ಟಿತೇ?

ಹಿಡಕಲ್ ಕಟ್ಟೆಯ ಮೇಲೆ ನಿಂತರೆ ಘಟಪ್ರಭೆ ಹೊಳೆಯಂತೆ ಕಾಣುವುದಿಲ್ಲ. 51 ಟಿಎಂಸಿ ನೀರು ಹಿಡಿಯುವ ರಾಜಾ ಲಖಮಗೌಡ ಜಲಾಶಯದ ಆಚೆ ದಡ ಮಬ್ಬುಮಬ್ಬು. ಕೆಳಗೆ ಧೂಪದಾಳ, ಅಲ್ಲಿಂದ ಎಡದಂಡೆ ಕಾಲುವೆ, ಕಾಲುವೆಗುಂಟ ಕಬ್ಬು, ಕಬ್ಬಿನ ನಡುನಡುವೆ ಬೆಲ್ಲದ ಗಾಣ. ಗಾಣದ ಉರುಳೆಗೆ ಕಬ್ಬೂ ಒಂದೇ, ಕೈಯೂ ಒಂದೇ.

ಹೀಗೆ ಕೈ ಸಿಕ್ಕಿಸಿಕೊಂಡವರು ಬೆಳಗಾವಿಯ ವಾರ್ಡಿಗೆ ಬರುತ್ತಾರೆ. ಎಲುಬು ಬಯಲಾದ ಕಡೆ ಬರೀ ಚರ್ಮದ ತೇಪೆ ಹತ್ತುವುದಿಲ್ಲ. ತೊಡೆಸಂದಿನ ಚರ್ಮವನ್ನು ಕೊಬ್ಬಿನ ಸಮೇತ ಎಬ್ಬಿಸಿ, ಒಂದು ಬದಿಯ ತೊಟ್ಟು ಕಡಿಯದೆ, ಇನ್ನೊಂದು ಬದಿಯನ್ನು ಮುಂಗೈಗೆ ಹೊಲಿಯುತ್ತಾರೆ. ಇದೇ ಫ್ಲ್ಯಾಪ್. ಮೆಕ್‌ಗ್ರೆಗರ್ ಮತ್ತು ಜ್ಯಾಕ್ಸನ್ 1972ರಲ್ಲಿ ವಿವರಿಸಿದ ಈ ಕ್ರಮದಲ್ಲಿ ರೋಗಿ ಸುಮಾರು ಮೂರು ವಾರ ಕೈಯನ್ನು ತೊಡೆಗೆ ಅಂಟಿಸಿಕೊಂಡೇ ಉಣ್ಣಬೇಕು, ಮಲಗಬೇಕು, ಸಂಕೋಚ ನುಂಗಬೇಕು.

ತೊಟ್ಟಿನ ವಿದ್ಯೆ ಹಳೆಯದು. ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡ ಕಾವಸಜಿ ಎಂಬ ಬಂಡಿಯವನಿಗೆ ಪುಣೆಯ ಕಡೆ ಹಣೆಯ ಚರ್ಮ ತಿರುಗಿಸಿ ಮೂಗು ಕಟ್ಟಿದರು. ಹುಬ್ಬುಗಳ ನಡುವಿನ ತೊಟ್ಟನ್ನು ಮಾತ್ರ ಉಳಿಸಿದ್ದರು. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಅದನ್ನು ಚಿತ್ರಸಮೇತ ಅಚ್ಚುಹಾಕಿತು.

ಬುಡ ಅಗಲವಾದಷ್ಟೂ ಉದ್ದದ ಚರ್ಮ ಬದುಕುತ್ತದೆಂದು ಶಸ್ತ್ರವೈದ್ಯರು ಬಹುಕಾಲ ನಂಬಿದ್ದರು. 1970ರಲ್ಲಿ ಮಿಲ್ಟನ್ ಹಂದಿಗಳ ಮೇಲೆ ಪರೀಕ್ಷಿಸಿ ಅದನ್ನು ಅಲ್ಲಗಳೆದ. ಮುಧೋಳದ ಕಡೆಯ ರೈತನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ: ಮೇಲಿನಿಂದ ನೀರಿನ ಒತ್ತಡವಿಲ್ಲದಿದ್ದರೆ ಕಾಲುವೆ ಎಷ್ಟು ಅಗಲವಿದ್ದರೇನು, ಕೊನೆಯ ಹೊಲ ಒಣಗುತ್ತದೆ. ಫ್ಲ್ಯಾಪಿನೊಳಗೆ ಎಂಥ ರಕ್ತನಾಳ ಬಂದಿದೆ ಎಂಬುದೇ ಮುಖ್ಯ.

ವಾರ್ಡಿನಲ್ಲಿ ಎಲ್ಲರ ಕಣ್ಣೂ ತುದಿಯ ಮೇಲೆಯೇ. ನರ್ಸ್ ಬೆರಳಿನಿಂದ ಒತ್ತಿ ಬಿಡುತ್ತಾಳೆ. ಬಿಳಿಚಿದ ಜಾಗ ಎರಡು ಮೂರು ಸೆಕೆಂಡಿಗೆ ಮತ್ತೆ ಕೆಂಪೇರಬೇಕು. ಬಿಳಿಚಿಯೇ ಉಳಿದರೆ ರಕ್ತ ಬರುತ್ತಿಲ್ಲ. ನೀಲಿಗಟ್ಟಿ ಉಬ್ಬಿದರೆ ಬಂದದ್ದು ಹೊರಳಿ ಹೋಗುತ್ತಿಲ್ಲ. ನಾನು ಹೆಚ್ಚು ಅಂಜುವುದು ಈ ಎರಡನೆಯದಕ್ಕೆ. ಸೂಜಿ ಚುಚ್ಚಿದರೆ ಕಡುಗಪ್ಪು ರಕ್ತ ಜಿನುಗುತ್ತದೆ. ಅಂಥಲ್ಲಿ ಇಂದಿಗೂ ಜಿಗಣೆ ಹಚ್ಚುವ ಆಸ್ಪತ್ರೆಗಳಿವೆ.

“ಅಕ್ಕಾರ, ಯಾವಾಗ ಬಿಡಸ್ತೀರಿ ಕೈ?”

“ತಡೀರಿ ಕಾಕಾ, ಇವತ್ತ ಕಟ್ಟಿ ನೋಡತೇವಿ.”

ತೊಟ್ಟಿಗೆ ರಬ್ಬರ್ ನಳಿಕೆ ಬಿಗಿಯುತ್ತಾರೆ. ಇಷ್ಟು ದಿನದಲ್ಲಿ ಕೈಯ ಕಡೆಯಿಂದ ಹೊಸ ನಾಳಗಳು ಒಳಹೊಕ್ಕಿದ್ದರೆ ಚರ್ಮ ಬಣ್ಣ ಕೆಡುವುದಿಲ್ಲ. ಕೆಟ್ಟಿಲ್ಲ. ಕಾಕಾನ ಹೆಸರನ್ನು ನಾಳೆಯ ಆಪರೇಷನ್ ಪಟ್ಟಿಗೆ ಏರಿಸಿದರು.