ಕಾಯದ ಬೈಟು: ಹಳೆಯ ಕಂಪ್ಯೂಟರುಗಳಲ್ಲಿ ಡಯಲ್‌-ಅಪ್ ಮೋಡೆಮ್

ಮನುಷ್ಯನ ಮಾತಿಗೆಂದೇ ರೂಪುಗೊಂಡ ದೂರವಾಣಿ ಜಾಲವು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ದಾಟಿಸುತ್ತದೆಯಾದ್ದರಿಂದ, ಕಂಪ್ಯೂಟರಿನ ಸೊನ್ನೆ-ಒಂದುಗಳನ್ನು ಆ ಮಿತಿಯೊಳಗಿನ ಸಂಕೇತವಾಗಿ ಮಾರ್ಪಡಿಸಿ ಕಳುಹಿಸುವ, ಬಂದ ಸಂಕೇತವನ್ನು ಮರಳಿ ಅಂಕಿಗಳಾಗಿ ಬಿಡಿಸುವ ಉಪಕರಣವೊಂದು ನಡುವೆ ಬೇಕಾಗುತ್ತದೆ. ಮೋಡೆಮ್ ಎಂಬುದು ಇದೇ. 1981ರಲ್ಲಿ ಹೇಯ್ಸ್ ಸಂಸ್ಥೆಯ ಸ್ಮಾರ್ಟ್‌ಮೋಡೆಮ್ ರೂಢಿಗೆ ತಂದ ಆಜ್ಞೆಗಳು ‘ಎಟಿ’ ಎಂಬ ಅಕ್ಷರಗಳಿಂದ ಆರಂಭವಾಗುತ್ತವೆ. ‘ಎಟಿಡಿಟಿ’ ಎಂದು ಬರೆದು ಸಂಖ್ಯೆ ಸೇರಿಸಿದರೆ ಟೋನ್ ಪದ್ಧತಿಯಲ್ಲೂ, ‘ಎಟಿಡಿಪಿ’ ಎಂದರೆ ಹಳೆಯ ಎಕ್ಸ್‌ಚೇಂಜುಗಳಿಗೆ ಒಗ್ಗುವ ಪಲ್ಸ್ ಪದ್ಧತಿಯಲ್ಲೂ ಕರೆ ಹೊರಡುತ್ತದೆ. ಇವು ಬರಿಯ ಅಕ್ಷರಗಳಾಗಿರುವುದರಿಂದ ಡಾಸ್‌ನಂಥ ಸರಳ ಕಾರ್ಯಾಚರಣ ವ್ಯವಸ್ಥೆಯೂ ಪ್ರತ್ಯೇಕ ಚಾಲಕ ತಂತ್ರಾಂಶವಿಲ್ಲದೆ ಮೋಡೆಮ್ಮಿನೊಡನೆ ವ್ಯವಹರಿಸಬಲ್ಲದು.

ಮೋಡೆಮ್ಮುಗಳ ವೇಗ ಹೆಚ್ಚಿದಂತೆಲ್ಲ ತೊಡಕು ಕಾಣಿಸಿಕೊಂಡದ್ದು ಕಂಪ್ಯೂಟರಿನ ಸೀರಿಯಲ್ ಪೋರ್ಟಿನಲ್ಲಿ. ಮೊದಲ ಪಿ.ಸಿ.ಗಳ ಪೋರ್ಟನ್ನು ನಡೆಸುತ್ತಿದ್ದ 8250 ಎಂಬ ಚಿಪ್ಪು ಬಂದ ಒಂದೇ ಒಂದು ಬೈಟನ್ನು ಹಿಡಿದಿಟ್ಟುಕೊಂಡು, ‘ಇಂಟರಪ್ಟ್’ ಎಂಬ ಸೂಚನೆಯ ಮೂಲಕ ಪ್ರೊಸೆಸರಿನ ಗಮನ ಸೆಳೆಯುತ್ತಿತ್ತು. ಮುಂದಿನ ಬೈಟು ಬರುವುದರೊಳಗೆ ಅದನ್ನು ಎತ್ತಿಕೊಳ್ಳದಿದ್ದರೆ ಹಿಂದಿನದು ಅಳಿಸಿಹೋಗುತ್ತಿತ್ತು. ಪೋರ್ಟಿನ ವೇಗ ಸೆಕೆಂಡಿಗೆ 1,15,200 ಬಿಟ್‌ಗಳಾದಾಗ, ಆರಂಭ ಮತ್ತು ಅಂತ್ಯದ ಬಿಟ್‌ಗಳೂ ಸೇರಿ ಪ್ರತಿ ಬೈಟಿಗೆ ಹತ್ತು ಬಿಟ್‌ಗಳಂತೆ ಲೆಕ್ಕ ಹಾಕಿದರೆ, ಈ ಗಡುವು ಸುಮಾರು 87 ಮೈಕ್ರೊಸೆಕೆಂಡ್ ಮಾತ್ರ. ಪರದೆಯನ್ನು ಚಿತ್ರಿಸುವುದು, ಡಿಸ್ಕಿಗೆ ಬರೆಯುವುದು ಮುಂತಾದ ಹಲವು ಕೆಲಸಗಳಲ್ಲಿ ತೊಡಗಿರುತ್ತಿದ್ದ ವಿಂಡೋಸ್ 3.1ಕ್ಕೆ ಇದನ್ನು ಪಾಲಿಸುವುದು ಕಷ್ಟವಾಗಿತ್ತು. ಹದಿನಾರು ಬೈಟುಗಳನ್ನು ಸಾಲಾಗಿ ಕೂಡಿಟ್ಟುಕೊಳ್ಳುವ 16550ಎ ಚಿಪ್ಪು ಈ ಬಿಗಿಯನ್ನು ಸಡಿಲಿಸಿತು. ಬಳಕೆದಾರರ ಕಣ್ಣಿಗೆ ಬೀಳದ ಈ ಪುಟ್ಟ ಸುಧಾರಣೆಯ ಮಹತ್ವ ಹೊಸ ಮೋಡೆಮ್ಮಿನದಕ್ಕಿಂತ ಕಡಿಮೆಯೇನಲ್ಲ.

ವಿಂಡೋಸ್ 3.1ರಲ್ಲಿ ಇಂಟರ್ನೆಟ್ಟಿನ ಸಂವಹನ ನಿಯಮಗಳೂ ಅಡಕವಾಗಿರಲಿಲ್ಲವಾದ್ದರಿಂದ, ಆಸ್ಟ್ರೇಲಿಯದ ಪೀಟರ್ ಟ್ಯಾಟಮ್ ರಚಿಸಿದ ‘ಟ್ರಂಪೆಟ್ ವಿನ್‌ಸಾಕ್’ ಎಂಬ ತಂತ್ರಾಂಶವನ್ನು ಅನೇಕರು ಆಶ್ರಯಿಸಿದರು. ಭಾರತದಲ್ಲಿ ವಿ.ಎಸ್.ಎನ್.ಎಲ್. ಸಂಸ್ಥೆ ಸಾರ್ವಜನಿಕರಿಗೆ ಇಂಟರ್ನೆಟ್ ಸೇವೆ ಆರಂಭಿಸಿದ್ದು 1995ರ ಆಗಸ್ಟ್ 15ರಂದು; ಡಯಲ್‌-ಅಪ್ ಸೌಲಭ್ಯವನ್ನು ತನ್ನೊಳಗೇ ಇರಿಸಿಕೊಂಡ ವಿಂಡೋಸ್ 95 ಬಿಡುಗಡೆಯಾದದ್ದು ಅದೇ ತಿಂಗಳ 24ರಂದು.

ಅನಂತರ ಬಂದ ‘ವಿನ್‌ಮೋಡೆಮ್’ಗಳು ಬೆಲೆ ತಗ್ಗಿಸುವ ಸಲುವಾಗಿ ಸಂಕೇತವನ್ನು ಬಿಡಿಸುವ ಲೆಕ್ಕಾಚಾರವನ್ನೇ ಕಂಪ್ಯೂಟರಿನ ಪ್ರೊಸೆಸರಿಗೆ ವಹಿಸಿದವು. ಇಂಥವುಗಳಿಗೆ ವಿಂಡೋಸಿಗೆಂದೇ ಬರೆದ ಚಾಲಕ ತಂತ್ರಾಂಶ ಅನಿವಾರ್ಯವಾದ್ದರಿಂದ ಡಾಸ್‌ನಲ್ಲಿ ಅವು ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ, ಲಿನಕ್ಸ್ ಬಳಸುವವರಿಗೂ ಅವು ಬಹುಕಾಲ ತಲೆನೋವಾಗಿದ್ದವು. ಹಳೆಯ ಯಂತ್ರವನ್ನು ಇಂದು ಮತ್ತೆ ನಡೆಸಬಯಸುವವರಿಗೆ ಸೀರಿಯಲ್ ಕೇಬಲಿನಿಂದ ಜೋಡಿಸುವ ಹೊರಗಿನ ಮೋಡೆಮ್ಮೇ ಸರಿಯಾದ ಆಯ್ಕೆ. ಆದರೆ ಈಗಿನ ದೂರವಾಣಿ ಜಾಲಗಳು ಧ್ವನಿಯನ್ನು ತುಣುಕು ತುಣುಕಾಗಿ ಇಂಟರ್ನೆಟ್ ಪದ್ಧತಿಯಲ್ಲೇ ಸಾಗಿಸುವುದರಿಂದ, ತುಣುಕೊಂದು ತಡವಾದರೆ ಅಥವಾ ಕಳೆದುಹೋದರೆ ಕಿವಿಗೆ ಗೊತ್ತಾಗದಿದ್ದರೂ ಮೋಡೆಮ್ಮಿನ ಸಂಪರ್ಕ ಕಡಿದುಹೋಗಬಹುದು. ಆಗ ವೇಗವನ್ನು ಸೆಕೆಂಡಿಗೆ 9600 ಬಿಟ್‌ಗಳಿಗೋ ಅದಕ್ಕಿಂತ ಕೆಳಕ್ಕೋ ಇಳಿಸಿ ನೋಡುವುದು ಒಳ್ಳೆಯದು.